ಮೆಗಾಪಿಕ್ಸೆಲ್ ಅಲ್ಲ, ಲೆನ್ಸ್ ನೋಡಿ

ಮಾನ್ಯರೇ,

ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಂತೆ ಕೊಡಗು ಜಿಲ್ಲೆಯಲ್ಲಿ ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಲು ಹೊರಡುವವರು ಮೊದಲು ವಿಚಾರಿಸುವುದು ಮೆಗಾಪಿಕ್ಸೆಲ್ ಎಷ್ಟು ಅಂತ. ಮದುವೆ ಆಲ್ಬಂನ 12x18 ಇಂಚಿನ ಹಾಳೆಯನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಮುದ್ರಿಸಲು 20 ಮೆಗಾಪಿಕ್ಸೆಲ್ ಸಾಕು. ಕ್ಯಾನನ್ 1500ಡಿ, ನಿಕಾನ್ ಡಿ3500ರಂಥ ಆರಂಭಿಕ ಮಾದರಿಗಳಲ್ಲೇ 24 ಇದೆ. ಆ ಚಿಂತೆ ಬಿಡಿ.

ಹುತ್ತರಿಯಲ್ಲಿ ಕದಿರು (ಭತ್ತದ ತೆನೆ) ಕೊಯ್ಯುವುದು ರಾತ್ರಿ, ಬೆಳಕು ಕಡಿಮೆ. ಕ್ಯಾಮೆರಾ ಜೊತೆಗೆ ಬರುವ 18-55 ಎಂಎಂ ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ ಎಫ್/1.8 ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400 ಇಡಬೇಕಾದಲ್ಲಿ 800ರಲ್ಲೇ ಕೆಲಸವಾಗುತ್ತದೆ, ಚಿತ್ರದಲ್ಲಿ ಕಾಳುಕಾಳು ಅಷ್ಟಾಗಿ ಕಾಣುವುದಿಲ್ಲ. ಆದರೆ ಈ ಆರಂಭಿಕ ಕ್ಯಾಮೆರಾಗಳೊಳಗೆ ಬೆಳಕು ಹಿಡಿಯುವ ಸಣ್ಣ ಸೆನ್ಸರ್‌ಗಳಲ್ಲಿ 50 ಎಂಎಂ ಎಂದರೆ ನಿಕಾನ್‌ನಲ್ಲಿ 75, ಕ್ಯಾನನ್‌ನಲ್ಲಿ 80 ಎಂಎಂನಷ್ಟು (ದೊಡ್ಡ, ಫುಲ್-ಫ್ರೇಮ್ ಸೆನ್ಸರ್ ಲೆಕ್ಕದಲ್ಲಿ) ಇಕ್ಕಟ್ಟು ನೋಟ. ಐನ್‌ಮನೆ (ಹಿರಿಯರ ಮನೆ) ಜಗುಲಿಯಲ್ಲಿ ಇಡೀ ಒಕ್ಕವನ್ನು (ಕುಲದವರನ್ನು) ನಿಲ್ಲಿಸಿ ತೆಗೆಯಲು ಕಿಟ್ ಲೆನ್ಸಿನ 18 ಎಂಎಂ ತುದಿಯೇ ಬೇಕು, ಅದನ್ನು ಮಾರಬೇಡಿ.

ನಿಕಾನ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಡಿ3500, ಡಿ5600 ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಸ್ವಂತ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ತಂದರೆ ಫೋಕಸ್‌ಗೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾಗುತ್ತದೆ. ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರಲಿ.

ಕಂಪನಿಗಳ ಗಮನವೀಗ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳ ಕಡೆ ಇರುವುದರಿಂದ ಸೆಕೆಂಡ್ ಹ್ಯಾಂಡ್ ಎಸ್‌ಎಲ್‌ಆರ್ ಕೊಳ್ಳುವುದೇ ಜಾಣತನ. ಕೊಳ್ಳುವ ಮುನ್ನ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಓರೆಯಾಗಿ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆ ಕಂಡರೆ ಅದು ಫಂಗಸ್. ಗಾಜಿನ ಲೇಪನವನ್ನೇ ತಿಂದಿದ್ದರೆ ಒರೆಸಿದರೂ ಗುರುತು ಹೋಗದು. ನಮ್ಮ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದು ಸಾಮಾನ್ಯ.

ಚರ್ಮದ ಚೀಲದಲ್ಲಿ, ಬೀರುವಿನೊಳಗೆ ಜೋಪಾನವಾಗಿ ಇಟ್ಟದ್ದೇ ಮೊದಲು ಕೆಡುತ್ತದೆ. ಚರ್ಮ ತೇವ ಹಿಡಿಯುತ್ತದೆ. ಕತ್ತಲೆ, ಗಾಳಿಯಾಡದ ಜಾಗ ಬೂಷ್ಟಿಗೆ ಇಷ್ಟ. ರಬ್ಬರ್ ಅಂಚಿನ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಒಂದು ಪುಟ್ಟ ಆರ್ದ್ರತಾ ಮಾಪಕ ಇಷ್ಟಿದ್ದರೆ ಸಾಕು. ಅದರ ಮುಳ್ಳು ಶೇ 40-50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಒಣಗಿಸಬಹುದು. ಕ್ಯಾಮೆರಾ ಮಾರುವಾಗಲೇ ಜಿಲ್ಲೆಯ ಅಂಗಡಿಯವರು ಇಂಥದ್ದೊಂದು ಡಬ್ಬಿಯನ್ನೂ ಜೊತೆಗೆ ಇಟ್ಟು ಮಾರಬೇಕೆಂದು ಕೋರುತ್ತೇವೆ.

– ಛಾಯಾಗ್ರಹಣ ಆಸಕ್ತರು, ಮಡಿಕೇರಿ