ಆಟಗಾರರ ಸಂಬಳಕ್ಕೆ, ಅವರ ಮನೆಯವರಿಗೆ ಒಂದು ಭದ್ರತೆ ಕೊಡಿಸಿ: ಸಂಸದ ಪಿ.ಸಿ. ಮೋಹನ್ ಅವರಿಗೆ ಬಹಿರಂಗ ಪತ್ರ

ಬೆಂಗಳೂರು ಕೇಂದ್ರ ಕ್ಷೇತ್ರದ ಲೋಕಸಭಾ ಸದಸ್ಯರಾದ ಶ್ರೀ ಪಿ.ಸಿ. ಮೋಹನ್ ಅವರಿಗೆ,

ನಮಸ್ಕಾರ ಸಾರ್.

ನಾನು ನಿಮ್ಮ ಕ್ಷೇತ್ರದ ಮತದಾರಳು, ಆಸ್ಟಿನ್ ಟೌನ್‌ನವಳು. ಈ ಪತ್ರ ಫುಟ್‌ಬಾಲ್ ಬಗ್ಗೆ. ಹೊಸ ಸ್ಟೇಡಿಯಂ ಬೇಕು, ನಿಮ್ಮ ಹೆಸರಲ್ಲಿ ಒಂದು ಟೂರ್ನಮೆಂಟ್ ಮಾಡಿಸಿ ಅಂತ ಕೇಳಲು ಬರೆಯುತ್ತಿಲ್ಲ. ವೃತ್ತಿಪರ ಕ್ಲಬ್‌ಗಳು ಆಟಗಾರರನ್ನೂ ಅವರ ಮನೆಯವರನ್ನೂ ನಡೆಸಿಕೊಳ್ಳುವ ರೀತಿ ಬದಲಾಗಬೇಕು. ಅದಕ್ಕಾಗಿ ನೀವು ಸಂಸತ್ತಿನಲ್ಲಿ ದನಿ ಎತ್ತಬೇಕು. ಕೇಳಲು ಬಂದಿರುವುದು ಇಷ್ಟನ್ನೇ.

ನಿಮ್ಮನ್ನೇ ಕೇಳಲು ಕಾರಣ ಇದೆ. ಕಂಠೀರವ ಕ್ರೀಡಾಂಗಣ ನಿಮ್ಮ ಕ್ಷೇತ್ರದಲ್ಲಿದೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ನಮ್ಮ ನಂದನ್ ಗ್ರೌಂಡ್, ಪೆಲೆ ಪ್ರತಿಮೆ ಇಟ್ಟುಕೊಂಡಿರುವ ಗೌತಮಪುರ ಎಲ್ಲವೂ ಇಲ್ಲೇ ಇವೆ. 1948 ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 2023 ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಮ್ಮ ಹುಡುಗರು ಮೇಘಾಲಯವನ್ನು 3-2 ರಿಂದ ಸೋಲಿಸಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ತಂದರು. ಹಳೇ ಮೈಸೂರು ರಾಜ್ಯದ ತಂಡ ಗೆದ್ದ ಮೇಲೆ 54 ವರ್ಷ ಕಾದು ಬಂದ ಕಪ್ ಅದು. ಆಡುವ ಮಕ್ಕಳಿಗೆ ಈ ಊರಲ್ಲಿ ಯಾವತ್ತೂ ಕೊರತೆ ಇರಲಿಲ್ಲ. ಆಟವನ್ನೇ ನಂಬಿದವರ ಮನೆ ನಡೆಯುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಕೇಳುತ್ತಿಲ್ಲ.

2025 ರಲ್ಲಿ ಏನಾಯಿತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010 ರಲ್ಲಿ ಮಾಡಿಕೊಂಡ 15 ವರ್ಷದ ವಾಣಿಜ್ಯ ಒಪ್ಪಂದ 2025 ರ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುತ್ತಿದ್ದುದು ಆ ಒಪ್ಪಂದದ ಮೇಲೆ. ಮುಗಿಯುವ ದಿನ ಮೊದಲಿಂದಲೂ ಎಲ್ಲರಿಗೂ ಗೊತ್ತಿತ್ತು. ಆದರೂ ಮುಂದೇನು ಅಂತ ಯಾರೂ ತೀರ್ಮಾನಿಸಲಿಲ್ಲ. ಜುಲೈ 11 ರಂದು ಲೀಗ್ ನಡೆಸುವ ಕಂಪನಿ, ಹೊಸ ಸೀಸನ್ ಸದ್ಯಕ್ಕಿಲ್ಲ ಅಂತ ಕ್ಲಬ್‌ಗಳಿಗೆ ತಿಳಿಸಿತು. ಆಗಸ್ಟ್ ಮೊದಲ ವಾರ ನಮ್ಮದೇ ಬೆಂಗಳೂರು ಎಫ್‌ಸಿ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತೇವೆ ಅಂತ ಪ್ರಕಟಣೆ ಹೊರಡಿಸಿತು. ಚೆನ್ನೈಯಿನ್ ಎಫ್‌ಸಿ ಕೂಡ ಅದೇ ದಾರಿ ಹಿಡಿಯಿತು.

ಬೆಂಗಳೂರು ಎಫ್‌ಸಿ ಬಗ್ಗೆ ನನಗೆ ದ್ವೇಷ ಇಲ್ಲ. 2013 ರಲ್ಲಿ ಹುಟ್ಟಿ, ಮೊದಲ ಸೀಸನ್‌ನಲ್ಲೇ ಆಗಿನ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ ಅದು. 2016 ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದ ಮೊದಲ ಭಾರತೀಯ ಕ್ಲಬ್. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಕಿರಿಯರ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ತೊಂದರೆ ಆಗುವುದಿಲ್ಲ ಅಂತ ಅದೇ ಪ್ರಕಟಣೆಯಲ್ಲಿ ಹೇಳಿದ್ದರು, ಅದನ್ನೂ ಒಪ್ಪುತ್ತೇನೆ. ಲೀಗ್ ಇಲ್ಲದೆ ಕ್ಲಬ್‌ಗೆ ಆದಾಯ ಎಲ್ಲಿಂದ ಬರಬೇಕು ಅನ್ನುವುದೂ ನ್ಯಾಯವಾದ ಪ್ರಶ್ನೆಯೇ. ಆದರೆ ಸಾರ್, ಆ ಕ್ಲಬ್ ಇರುವುದು ದೇಶದ ದೊಡ್ಡ ಕೈಗಾರಿಕಾ ಸಮೂಹವೊಂದರ ಕೈಯಲ್ಲಿ. ಅಂಥ ಕಡೆಯೇ ಒಂದು ಪ್ರಕಟಣೆಯಿಂದ ಸಂಬಳ ನಿಲ್ಲಿಸಬಹುದು ಅಂದಮೇಲೆ ಸಣ್ಣ ಕ್ಲಬ್‌ಗಳ ಆಟಗಾರರ ಗತಿ ಏನು? ಸಂಬಳ ಎಷ್ಟು ದಿನ ನಿಂತಿತ್ತು ಅನ್ನುವುದು ನನ್ನ ತಕರಾರಲ್ಲ. ಸಹಿ ಹಾಕಿದ ಒಪ್ಪಂದ ಇದ್ದೂ ಹಾಗೆ ಮಾಡಲು ಆಯಿತಲ್ಲ, ತಡೆಯುವವರು ಯಾರೂ ಇರಲಿಲ್ಲವಲ್ಲ, ಅದು ನನ್ನ ತಕರಾರು.

ನಂತರ ಲೀಗ್‌ನ ವಾಣಿಜ್ಯ ಹಕ್ಕಿಗೆ ಫೆಡರೇಷನ್ ಟೆಂಡರ್ ಕರೆಯಿತು. ನವೆಂಬರ್‌ನಲ್ಲಿ ಗಡುವು ಮುಗಿದಾಗ ಒಂದೂ ಬಿಡ್ ಬಂದಿರಲಿಲ್ಲ. 2026 ರ ಜನವರಿ 2 ರಂದು ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಮತ್ತಿತರರು ವಿಡಿಯೊ ಮಾಡಿ, ಭಾರತದ ಫುಟ್‌ಬಾಲನ್ನು ಉಳಿಸಿ ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಗೆ ಬೇಡಿಕೊಂಡರು. ದೇಶಕ್ಕೆ ಆಡಿದವರು, ನಾಯಕರಾಗಿದ್ದವರು ಕ್ಯಾಮೆರಾ ಮುಂದೆ ಕೈಚಾಚಬೇಕಾಯಿತು. ನೋಡಿ ಹೊಟ್ಟೆಗೆ ಸಂಕಟವಾಯಿತು. ಜನವರಿ 6 ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಅವರು, 14 ಕ್ಲಬ್‌ಗಳೊಂದಿಗೆ ಫೆಬ್ರವರಿ 14 ರಿಂದ ಲೀಗ್ ಶುರು ಅಂತ ಘೋಷಿಸಿದರು. ಅದಕ್ಕೆ ಅವರಿಗೆ ಕೃತಜ್ಞಳು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತೆ ಅನ್ನುವುದು ಇದರಿಂದಲೇ ಗೊತ್ತಾಯಿತು ಅಲ್ವಾ? ಆದರೆ ವೇಳಾಪಟ್ಟಿ ಬಂದ ಮಾತ್ರಕ್ಕೆ ಆಟಗಾರರ ಮನೆಗೆ ರಕ್ಷಣೆ ಬಂದ ಹಾಗಲ್ಲ.

ಈಗ ನನ್ನ ಮನೆಯ ವಿಷಯ. ನನ್ನ ತಮ್ಮ ಬೇರೆ ರಾಜ್ಯದ ಒಂದು ಕ್ಲಬ್‌ಗೆ ಆಡುತ್ತಿದ್ದ. ಅದರ ಹೆಸರು ಇಲ್ಲಿ ಬೇಡ. ಛೆಟ್ರಿಯಂಥ ಸಂಬಳ ಅವನದಲ್ಲ. ಆ ದುಡ್ಡಲ್ಲಿ ಹೆಂಡತಿ, ಮಗು, ಇಲ್ಲಿ ನಮ್ಮ ಅಪ್ಪ ಅಮ್ಮ ಎಲ್ಲರೂ ಬದುಕಬೇಕಿತ್ತು. ಮೊದಲು ಒಂದು ತಿಂಗಳು ಸಂಬಳ ತಡವಾಯಿತು. ಆಮೇಲೆ ಬರಲೇ ಇಲ್ಲ. ತಂಡದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಮ್ಯಾನೇಜರ್‌ದು ಒಂದೇ ಉತ್ತರ, ಮುಂದಿನ ವಾರ. ಕೇಳಿದ ಹುಡುಗರು ಒಬ್ಬೊಬ್ಬರಾಗಿ ಮೊದಲ ಹನ್ನೊಂದರಿಂದ ಹೊರಗೆ ಬಿದ್ದರು. ಹಾಗಾಗಿ ಉಳಿದವರು ಕೇಳುವುದನ್ನೇ ಬಿಟ್ಟರು.

ಕ್ಲಬ್ ಕೊಟ್ಟ ಫ್ಲ್ಯಾಟ್‌ನಲ್ಲಿ ಅವನ ಹೆಂಡತಿ, ಕೈಗೂಸು ಇದ್ದರು. ತಮ್ಮ ಹೊರಗಿನ ಪಂದ್ಯಕ್ಕೆ ಹೋಗಿದ್ದ ದಿನ ಫ್ಲ್ಯಾಟ್ ಮಾಲೀಕರು ಬಂದು ಬಾಗಿಲು ಬಡಿದರು. ಬಾಡಿಗೆ ಬಂದಿಲ್ಲ, ತಿಂಗಳ ಕೊನೆಗೆ ಖಾಲಿ ಮಾಡಿ ಅಂದರು. ಅವಳಿಗೆ ಅಲ್ಲಿನ ಭಾಷೆ ಬರಲ್ಲ. ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಗೊತ್ತಿರಲಿಲ್ಲ. ಆಟಗಾರರ ಮನೆಯವರ ಕಷ್ಟ ಕೇಳಲು ಆ ಕ್ಲಬ್‌ನಲ್ಲಿ ಒಬ್ಬ ಮನುಷ್ಯ ಇರಲಿಲ್ಲ. ಪಾತ್ರೆ, ಬಟ್ಟೆ, ತೊಟ್ಟಿಲು ಎಲ್ಲ ರಟ್ಟಿನ ಡಬ್ಬಕ್ಕೆ ತುಂಬಿ ಮಗು ಎತ್ತಿಕೊಂಡು ರೈಲಲ್ಲಿ ಬೆಂಗಳೂರಿಗೆ ಬಂದಳು.

ಇದಾದ ಮೇಲೆ ತಮ್ಮ ಬೇರೆ ಕ್ಲಬ್‌ಗೆ ಹೋಗಲು ನೋಡಿದ. ಹೋಗಲು ನಮ್ಮ ಅಭ್ಯಂತರ ಇಲ್ಲ ಅನ್ನುವ ಕ್ಲಬ್‌ನ ಪತ್ರ, ಎನ್‌ಒಸಿ, ಬೇಕು ಅಂದಾಗ ಒಂದು ಕಾಗದ ಮುಂದಿಟ್ಟರು. ಕ್ಲಬ್‌ನಿಂದ ನನಗೆ ಬರಬೇಕಾದ ಬಾಕಿ ಏನೂ ಇಲ್ಲ ಅಂತ ಅದರಲ್ಲಿತ್ತು. ಸಹಿ ಹಾಕಿದರೆ ಎನ್‌ಒಸಿ, ಇಲ್ಲದಿದ್ದರೆ ಸೀಸನ್ ಪೂರ್ತಿ ಮನೆಯಲ್ಲಿ. ಅವನು ಸಹಿ ಹಾಕಿದ. ಬೆವರು ಸುರಿಸಿ ದುಡಿದ ತಿಂಗಳುಗಳ ಹಣ ಹಾಗೆ ಹೋಯಿತು. ಇದು ಅವನೊಬ್ಬನ ಕಥೆ ಅಂದುಕೊಳ್ಳಬೇಡಿ. ನಂದನ್ ಗ್ರೌಂಡ್‌ನಲ್ಲಿ ಸಂಜೆ ನಿಂತು ಹೊರಗೆ ಆಡಿ ಬಂದ ಹುಡುಗರನ್ನು ಕೇಳಿ ನೋಡಿ, ಈ ಕಾಗದದ ವಿಷಯ ಗೊತ್ತಿಲ್ಲದವರು ಕಡಿಮೆ.

ನಿಯಮ ಇಲ್ಲ ಅಂತಲ್ಲ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, 15 ದಿನದ ನೋಟಿಸ್ ಕೊಟ್ಟು ಆಟಗಾರ ಒಪ್ಪಂದ ಮುರಿಯಬಹುದು ಅಂತ ಫಿಫಾ 2018 ರಲ್ಲೇ ನಿಯಮ ಮಾಡಿದೆ. ಆದರೆ ನೋಟಿಸ್ ಕೊಟ್ಟು ಹೋಗುವುದೆಲ್ಲಿಗೆ? ವರ್ಗಾವಣೆಯ ಕಿಟಕಿ, ಅಂದರೆ ಕ್ಲಬ್ ಬದಲಿಸಲು ಅವಕಾಶ ಇರುವ ಅವಧಿ, ಮುಚ್ಚಿರುತ್ತೆ. ಬಾಕಿ ಕೇಳಲು ವಿದೇಶಿ ಆಟಗಾರನಿಗಾದರೆ ನೇರವಾಗಿ ಫಿಫಾ ಬಾಗಿಲು ಇದೆ. ಅಲ್ಲಿ ಗೆದ್ದರೆ, ದುಡ್ಡು ಕೊಡುವವರೆಗೂ ಕ್ಲಬ್ ಹೊಸ ಆಟಗಾರರನ್ನು ತೆಗೆದುಕೊಳ್ಳುವ ಹಾಗಿಲ್ಲ ಅಂತ ಫಿಫಾ ಕಟ್ಟಿ ಹಾಕುತ್ತೆ. ನಮ್ಮ ದೇಶದ ಆಟಗಾರ ನಮ್ಮದೇ ಕ್ಲಬ್ ಮೇಲೆ ದೂರು ಕೊಡಬೇಕಾದರೆ ಫೆಡರೇಷನ್‌ನ ಸಮಿತಿಗೆ ಹೋಗಬೇಕು. ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಪಕ್ಕಪಕ್ಕ ಕೂತವರಿಗೆ ಎರಡು ಥರದ ನ್ಯಾಯ.

ಹೈದರಾಬಾದ್ ಎಫ್‌ಸಿ ಏನಾಯಿತು ಅಂತ ನೋಡಿ. 2022 ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದ ತಂಡ. 2023-24 ರ ಸೀಸನ್‌ನಲ್ಲಿ ಸಂಬಳ ಬಾಕಿ ಬಿತ್ತು, ಫಿಫಾ ನಿರ್ಬಂಧ ಬಂತು, ವಿದೇಶಿ ಆಟಗಾರರು ಹೊರಟರು, ಹೆಸರಿರುವ ಭಾರತೀಯರೂ ಹೋದರು. ಉಳಿದ ಹುಡುಗರು ಇಡೀ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಗೆದ್ದರು. ಕ್ಲಬ್‌ಗಳಿಗೆ ಲೈಸೆನ್ಸ್ ಕೊಡುವಾಗ ಸಂಬಳ ಬಾಕಿ ಇರಬಾರದು ಅನ್ನುವ ಷರತ್ತು ಇದ್ದೇ ಇದೆ. ಷರತ್ತು ಪೂರೈಸದಿದ್ದರೂ ವಿನಾಯಿತಿ ಕೊಟ್ಟು ಆಡಿಸುವುದು ನಡೆದುಬಂದಿದೆ. ಸ್ಪೇನ್‌ನಲ್ಲಿ ರೆಯುಸ್ ಅನ್ನುವ ಎರಡನೇ ದರ್ಜೆಯ ಕ್ಲಬ್ ಆಟಗಾರರಿಗೆ ಸಂಬಳ ಕೊಡಲಿಲ್ಲ. 2019 ರ ಜನವರಿಯಲ್ಲಿ, ಸೀಸನ್ ನಡುವೆಯೇ, ಅದನ್ನು ಲೀಗ್‌ನಿಂದ ಹೊರಗೆ ಹಾಕಿದರು. ಅಷ್ಟು ಗಟ್ಟಿತನ ನಮಗೂ ಬೇಕು.

ಹಿಂದೆ ನಮ್ಮ ಊರಿನ ಆಟಗಾರರಿಗೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳಿದ್ದವು. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ. ಕಾಲು ಮುರಿದರೂ ಕೆಲಸ ಉಳಿಯುತ್ತಿತ್ತು. ಕ್ವಾರ್ಟರ್ಸ್ ಇತ್ತು, ಮನೆಯವರಿಗೂ ಆಸ್ಪತ್ರೆ ಇತ್ತು, ನಿವೃತ್ತಿ ಆದಮೇಲೆ ಪಿಎಫ್ ಬರುತ್ತಿತ್ತು. 2012 ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗಿಳಿಯಿತು, ಆ ಕಾಲವೂ ಹೋಯಿತು. ಅದನ್ನೇ ವಾಪಸ್ ತನ್ನಿ ಅಂತ ಕೇಳುತ್ತಿಲ್ಲ. ವೃತ್ತಿಪರ ಆಟ ಬರಬೇಕಿತ್ತು, ಬಂತು. ಆದರೆ ಹಳೇ ವ್ಯವಸ್ಥೆ ಮನೆಯವರಿಗೆ ಕೊಡುತ್ತಿದ್ದ ಆಸರೆಯನ್ನು ಕಿತ್ತು ಹಾಕಿದ ಮೇಲೆ ಆ ಜಾಗಕ್ಕೆ ಇನ್ನೊಂದನ್ನು ತರಬೇಕಿತ್ತಲ್ವಾ? ತಮ್ಮನ ಮಂಡಿಯ ಲಿಗಮೆಂಟ್ ಹರಿದಿದ್ದು ಸೀಸನ್ ಕೊನೆಗೆ. ಮೇ ತಿಂಗಳಿಗೆ ಒಪ್ಪಂದ ಮುಗಿಯಿತು. ಆಪರೇಷನ್ ಆದಮೇಲಿನ ಫಿಸಿಯೋಥೆರಪಿಯ ಒಂದೊಂದು ದಿನದ ಖರ್ಚನ್ನೂ ಮನೆಯವರೇ ಹೊತ್ತೆವು. ಮೈದಾನದಲ್ಲಿ, ಕ್ಲಬ್‌ನ ಜೆರ್ಸಿಯಲ್ಲಿ ಆದ ಗಾಯ ಅದು.

ಇನ್ನೊಂದು ವಿಷಯ ಹೇಳದೆ ಇರಲಾರೆ. 2004 ರ ಡಿಸೆಂಬರ್ 5 ರಂದು ಕಂಠೀರವದಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯುತ್ತಿತ್ತು. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದ. ಮತ್ತೆ ಏಳಲಿಲ್ಲ. 25 ವರ್ಷ ಅವನಿಗೆ. ಅದಾದ ಮೇಲೆ ಪಾಠ ಕಲಿಯಬೇಕಿತ್ತು. 2012 ರ ಮಾರ್ಚ್‌ನಲ್ಲಿ ಅಶೋಕನಗರ ಸ್ಟೇಡಿಯಂನಲ್ಲಿ ಬೆಂಗಳೂರು ಮಾರ್ಸ್ ತಂಡದ ಆಟಗಾರನೊಬ್ಬ ಲೀಗ್ ಪಂದ್ಯದಲ್ಲಿ ಕುಸಿದು ಬಿದ್ದ. ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಹೋದರು. ಉಳಿಯಲಿಲ್ಲ. ಆಸ್ಪತ್ರೆಗಳಿಗೆ ಬರವಿಲ್ಲದ ಊರಿನ ನಟ್ಟನಡುವೆ ನಡೆದದ್ದು ಇದು. 2021 ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದಾಗ ಮೈದಾನದಲ್ಲೇ ವೈದ್ಯರು, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇದ್ದವು. ಅವರು ಬದುಕಿದರು, ಮತ್ತೆ ಆಡಿದರು.

ಹೆಣ್ಣುಮಕ್ಕಳ ತಂಡಗಳ ಸ್ಥಿತಿ ಇನ್ನೂ ಕೆಳಗಿದೆ. 2021 ರಿಂದ ಫಿಫಾ ನಿಯಮದ ಪ್ರಕಾರ ಆಟಗಾರ್ತಿಗೆ ಕನಿಷ್ಠ 14 ವಾರ ಹೆರಿಗೆ ರಜೆ ಕೊಡಬೇಕು, ಸಂಬಳದ ಮೂರನೇ ಎರಡು ಭಾಗ ಕೊಡಬೇಕು. ಐಸ್‌ಲ್ಯಾಂಡ್‌ನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡೋಟಿರ್ ಬಸುರಿಯಾಗಿದ್ದಾಗ ಲಿಯಾನ್‌ನಂಥ ದೊಡ್ಡ ಕ್ಲಬ್ ಪೂರ್ತಿ ಸಂಬಳ ಕೊಡಲಿಲ್ಲ. ಆಕೆ ಕೇಸ್ ಹಾಕಿ 2022 ರಲ್ಲಿ ಗೆದ್ದರು. ನಮ್ಮ ಇಂಡಿಯನ್ ವಿಮೆನ್ಸ್ ಲೀಗ್‌ನ ಆಟಗಾರ್ತಿಯರ ಒಪ್ಪಂದ ನಡೆಯುವುದೇ ಕೆಲವು ತಿಂಗಳು. ಮದುವೆ, ಮಗು ಅಂದರೆ ಆಟ ಮುಗಿಯಿತು ಅಂತಲೇ ಅರ್ಥ. ನಮ್ಮ ಬೀದಿಯ ಹುಡುಗಿಯರಿಗೆ ಆ ನಿಯಮ ಇದೆ ಅನ್ನುವುದೂ ಗೊತ್ತಿಲ್ಲ.

ಸಾರ್, 2025 ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಯನ್ನು ನೀವಿರುವ ಸದನವೇ ಪಾಸು ಮಾಡಿತು. ಅದರಲ್ಲಿ ಕ್ರೀಡಾ ಮಂಡಳಿ ಇದೆ, ಕ್ರೀಡಾ ನ್ಯಾಯಮಂಡಳಿ ಇದೆ. ಕ್ಲಬ್ ಸಂಬಳ ಕೊಡದಿದ್ದರೆ ಆಟಗಾರ ಆ ನ್ಯಾಯಮಂಡಳಿಗೆ ಹೋಗಬಹುದೇ? ಎಷ್ಟು ದಿನದಲ್ಲಿ ತೀರ್ಪು ಸಿಗುತ್ತೆ? ಈ ಪ್ರಶ್ನೆಗೆ ಸಚಿವರಿಂದ ಸದನದಲ್ಲಿ ಲಿಖಿತ ಉತ್ತರ ತರಿಸಿಕೊಡಿ. ಇದು ನನ್ನ ಮೊದಲ ಬೇಡಿಕೆ.

ಎರಡನೆಯದು ದುಡ್ಡಿನ ಭದ್ರತೆ. ಸೀಸನ್ ಶುರುವಾಗುವ ಮುಂಚೆ ಪ್ರತಿ ಕ್ಲಬ್ ಕನಿಷ್ಠ ಮೂರು ತಿಂಗಳ ಒಟ್ಟು ಸಂಬಳಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಲಿ. ಸಂಬಳ ನಿಂತರೆ ಅದರಿಂದ ನೇರವಾಗಿ ಆಟಗಾರರ ಖಾತೆಗೆ, ಕಿಟ್ ಒಗೆಯುವವರ, ಮಸಾಜ್ ಮಾಡುವವರ ಖಾತೆಗೆ ಹೋಗಲಿ. ಒಂದು ಸಣ್ಣ ಸರ್ಕಾರಿ ಕಾಮಗಾರಿ ಹಿಡಿಯುವ ಗುತ್ತಿಗೆದಾರನೂ ಮುಂಗಡ ಠೇವಣಿ ಇಡುತ್ತಾನೆ. ಕೋಟಿಗಟ್ಟಲೆ ವ್ಯವಹಾರ ಮಾಡುವ ಕ್ಲಬ್‌ಗಳಿಗೆ ಇದು ಜಾಸ್ತಿ ಆಗಲ್ಲ. ಗ್ಯಾರಂಟಿ ಇಲ್ಲದ ಕ್ಲಬ್‌ಗೆ ಯಾವ ಕಾರಣಕ್ಕೂ ವಿನಾಯಿತಿ ಬೇಡ. ಬಾಕಿ ಬಿಟ್ಟುಕೊಟ್ಟರೆ ಮಾತ್ರ ಎನ್‌ಒಸಿ ಅನ್ನುವ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇರಬಾರದು. ಆಟದಲ್ಲಿ ಆದ ಗಾಯ ವಾಸಿಯಾಗುವ ತನಕ, ಒಪ್ಪಂದ ಮುಗಿದಿದ್ದರೂ, ಚಿಕಿತ್ಸೆ ಕ್ಲಬ್‌ನದ್ದೇ ಆಗಲಿ. ಆರೋಗ್ಯ ವಿಮೆಯಲ್ಲಿ ಹೆಂಡತಿ, ಮಕ್ಕಳು, ತಂದೆ ತಾಯಿ ಸೇರಲಿ. ಪ್ರತಿ ಕ್ಲಬ್‌ನಲ್ಲೂ ಮನೆಯವರು ಫೋನ್ ಮಾಡಿದರೆ ಎತ್ತುವ ಒಬ್ಬರು ಇರಲಿ.

ಅಶೋಕನಗರ ಸ್ಟೇಡಿಯಂಗೆ ಒಂದು ಆಂಬುಲೆನ್ಸ್, ಹೃದಯಕ್ಕೆ ಶಾಕ್ ಕೊಡುವ ಒಂದು ಯಂತ್ರ, ಅದನ್ನು ಬಳಸಲು ಬರುವ ಒಬ್ಬರು ಪಂದ್ಯ ಇರುವ ಪ್ರತಿ ದಿನ ಇರಬೇಕು. ಇದಕ್ಕೆ ದೆಹಲಿಯ ಅಪ್ಪಣೆ ಕಾಯಬೇಕಿಲ್ಲ. ನೀವು ಇಲ್ಲಿಂದಲೇ ಮಾಡಿಸಬಹುದು.

ನಮ್ಮ ಏರಿಯಾದಲ್ಲಿ ಬೇರೆ ಬೇರೆ ಕ್ಲಬ್‌ಗಳಲ್ಲಿ ಆಡಿದವರು, ಈಗಲೂ ಆಡುತ್ತಿರುವವರು ಇದ್ದಾರೆ. ಹೆಸರು ಹೊರಗೆ ಬಂದರೆ ಮುಂದೆ ಯಾವ ಕ್ಲಬ್ಬೂ ಕರೆಯುವುದಿಲ್ಲ ಅನ್ನುವ ಹೆದರಿಕೆ ಅವರಿಗಿದೆ. ಆದರೆ ನಿಮ್ಮ ಮುಂದೆ ಮಾತಾಡಲು ಒಪ್ಪಿದ್ದಾರೆ. ಒಪ್ಪಂದದ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆ ಬಿಲ್ ಎಲ್ಲ ತರುತ್ತಾರೆ. ಅವರ ಹೆಂಡತಿಯರೂ ತಾಯಂದಿರೂ ಬರುತ್ತಾರೆ. ಮುಂದಿನ ಅಧಿವೇಶನಕ್ಕೆ ಹೋಗುವ ಮುಂಚೆ ಒಂದು ಭಾನುವಾರ ಗೊತ್ತು ಮಾಡಿ ತಿಳಿಸಿ. ನಿಮ್ಮ ಕಚೇರಿಗೇ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಆಸ್ಟಿನ್ ಟೌನ್‌ನ ಮತದಾರಳು, ಫುಟ್‌ಬಾಲ್ ಆಟಗಾರನೊಬ್ಬನ ಅಕ್ಕ