ಅಳಿವೆ ಬಾಗಿಲು ದಾಟಲಿರುವ ಮಗಳಿಗೆ

ಪ್ರೀತಿಯ ಮಗಳೇ,

ಸರ್ವೆ ಹಡಗಿನ ಕೆಲಸದ ಆದೇಶ ಬಂದ ದಿನ ನಮ್ಮಿಬ್ಬರ ನಡುವೆ ನಡೆದ ಮಾತುಗಳು ನಿನಗೂ ನೆನಪಿವೆ, ನನಗೂ ನೆನಪಿವೆ. ಅದನ್ನು ಮತ್ತೆ ಕೆದಕುವುದಿಲ್ಲ. ದನಿ ಏರಿಸಿದ್ದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ತೆರೆದ ಸಮುದ್ರಕ್ಕಲ್ಲ, ಗಾಳಿ ಅಲೆಗಳಿಲ್ಲದ ಒಳನೀರಿನ ಆಳ ಅಳೆಯುವುದಕ್ಕೆ ಹೋಗುತ್ತಿದ್ದೇನೆ ಎಂದು ನೀನು ಸಮಾಧಾನ ಹೇಳಿದೆಯಲ್ಲ, ನನ್ನ ಭಯ ಶುರುವಾದದ್ದೇ ಆ ಮಾತಿನಿಂದ. ನಾಳೆ ನೀನು ಹೊರಡುವ ಮೊದಲು ಅದನ್ನು ಬರೆದೇ ಕೊಡುತ್ತಿದ್ದೇನೆ.

ಕೊಲ್ಲಿ, ಕಡಲು ನೆಲದೊಳಗೆ ಕಿರಿದಾಗಿ ಚಾಚಿದ ಖಾರಿ, ಅಳಿವೆ, ಹಿನ್ನೀರು, ಲಗೂನ್, ಫ್ಯೋರ್ಡ್ ಎಲ್ಲವೂ ಕೇಳುವುದಕ್ಕೆ ಆಸರೆಯ ಹೆಸರುಗಳು. ಆದರೆ ಒಂದೊಂದರ ಹುಟ್ಟೂ ಬೇರೆ, ಅಪಾಯವೂ ಬೇರೆ. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ನಾರ್ವೆಯ ಸೋಗ್ನೆಫ್ಯೋರ್ಡ್ ಒಳಗೆ 1,300 ಮೀಟರಿಗೂ ಹೆಚ್ಚು ಆಳವಿದೆ, ಆದರೆ ಕಡಲನ್ನು ಸೇರುವಲ್ಲಿ ಅದರ ತಳ ಬಹಳ ಮೇಲೆದ್ದಿದೆ. ಮರಳಿನ ದಿಣ್ಣೆ ಅಡ್ಡಗಟ್ಟಿ ಆದ ಲಗೂನ್ ಒಡಿಶಾದ ಚಿಲಿಕಾ; ಕಡಲಿಗೆ ತೆರೆಯುವ ಅದರ ಬಾಯಿಯಲ್ಲಿ ಹೂಳು ತುಂಬಿ, 2000ದಲ್ಲಿ ಹೊಸ ಬಾಯಿಯನ್ನೇ ತೆರೆಯಬೇಕಾಯಿತು. ಚಂಡಮಾರುತಗಳು ಹುಟ್ಟುವ ಬಂಗಾಳ ಕೊಲ್ಲಿಯನ್ನೂ, ಅವುಗಳಿಂದ ತಪ್ಪಿಸಿಕೊಳ್ಳಲು ದೋಣಿಯೊಂದು ಲಂಗರು ಹಾಕುವ ಪುಟ್ಟ ತಿರುವನ್ನೂ ನಾವು ಕೊಲ್ಲಿಯೆಂದೇ ಕರೆಯುತ್ತೇವೆ. 1982ರ ಸಮುದ್ರ ಕಾನೂನು ಒಪ್ಪಂದವು ಮೊದಲು ಬಾಯಿಯನ್ನು ಅಳೆಯುತ್ತದೆ: ಬಾಯಿಯ ಅಗಲವನ್ನೇ ವ್ಯಾಸವಾಗಿಟ್ಟು ಎಳೆದ ಅರ್ಧವೃತ್ತಕ್ಕಿಂತ ಒಳಗಿನ ನೀರಿನ ವಿಸ್ತಾರ ಕಡಿಮೆಯಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಕೊಲ್ಲಿಯೇ ಅಲ್ಲ. ನೀನೂ ಬಾಯಿಯಿಂದಲೇ ಆರಂಭಿಸು.

ನನ್ನ ತಲೆಯಿಂದ ಹೋಗದಿರುವುದು ಅಲಾಸ್ಕಾದ ಲಿಟುಯಾ ಕೊಲ್ಲಿ. 1958ರ ಜುಲೈ 9ರಂದು ಅಲ್ಲಿ ಭೂಕಂಪದಿಂದ ಬೆಟ್ಟ ಕುಸಿದು ಎದ್ದ ಅಲೆ, ಎದುರಿನ ಇಳಿಜಾರಿನ ಮರಗಳನ್ನು 524 ಮೀಟರ್ ಎತ್ತರದವರೆಗೆ ಬೋಳಿಸಿಹಾಕಿತು. ಪಾಠ ಮಾಡುವಾಗ ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಹೇಳಿದ್ದೇನೆ. ನನ್ನನ್ನು ಕಾಡುವುದು ಅದಲ್ಲ. ಬೆಟ್ಟ ಬೀಳುವುದನ್ನು ಯಾರೂ ತಡೆಯಲಾರರು. ನಾನು ಮತ್ತೆ ಮತ್ತೆ ಓದುವುದು 1786ರ ಜುಲೈ 13ರ ಸಂಗತಿಯನ್ನು. ಫ್ರೆಂಚ್ ನಾವಿಕ ಲಾ ಪೆರೂಸ್ ಅದೇ ಕೊಲ್ಲಿಯಲ್ಲಿ ತನ್ನ ಎರಡು ಹಡಗುಗಳನ್ನು ನಿಲ್ಲಿಸಿ, ನಕಾಶೆಗೆ ಆಳ ಗುರುತಿಸಿಕೊಂಡು ಬರಲು ಮೂರು ದೋಣಿಗಳನ್ನು ಕಳಿಸಿದ್ದ. ನೀನು ಮಾಡಲಿರುವ ಕೆಲಸವೇ, ಮಗಳೇ. ಬಾಯಿಯಲ್ಲಿ ಅಲೆ ಒಡೆಯುತ್ತಿದ್ದರೆ ಹತ್ತಿರ ಹೋಗಕೂಡದೆಂದು ಲಿಖಿತ ಆದೇಶವನ್ನೂ ಕೊಟ್ಟಿದ್ದ. ಮುಂದಾಳಾಗಿ ಹೋದವನು ಯುದ್ಧನೌಕೆಗಳನ್ನು ನಡೆಸಿ ಪಳಗಿದ ಅಧಿಕಾರಿ. ಇಳಿತದ ಸೆಳೆತ ದೋಣಿಗಳನ್ನು ಬಾಯಿಗೆ ಎಳೆದೊಯ್ದಿತು, ಎರಡು ಮುಳುಗಿದವು, 21 ಮಂದಿ ಜೀವ ಕಳೆದುಕೊಂಡರು. ಅವರ ಸ್ಮಾರಕ ನಿಂತ ದ್ವೀಪಕ್ಕೆ ಸೆನೊಟಾಫ್, ಅಂದರೆ ದೇಹವಿಲ್ಲದ ಸಮಾಧಿ, ಎಂಬ ಹೆಸರೇ ಉಳಿದಿದೆ. ಲಿಖಿತ ಸೂಚನೆಯೂ ಅವರನ್ನು ಉಳಿಸಲಿಲ್ಲ ಎಂದು ತಿಳಿದಿದ್ದೂ ನಾನು ನಿನಗೆ ಬರೆಯುತ್ತಿದ್ದೇನೆ, ಬರೆಯದೆ ಇರಲಾಗುತ್ತಿಲ್ಲ.

ಉಬ್ಬರದಲ್ಲಿ ಒಳಗೆ ಬಂದು ವಿಶಾಲವಾಗಿ ಹರಡಿಕೊಂಡ ನೀರೆಲ್ಲ ಇಳಿತದ ಆರು ಗಂಟೆಯ ಆಸುಪಾಸಿನಲ್ಲಿ ಕಿರಿದಾದ ಬಾಯಿಯಿಂದ ಹೊರಬೀಳಬೇಕು. ಬಾಯಿ ಕಿರಿದಾದಷ್ಟೂ ಸೆಳೆತ ಹೆಚ್ಚು. ಹೊರಗಿನಿಂದ ಬರುವ ದೊಡ್ಡ ಅಲೆಗೆ ಅದು ಎದುರಾದಾಗ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಒಳಗಿನಿಂದ ನೋಡಿದರೆ ನೀರು ಎಣ್ಣೆ ಹಚ್ಚಿದಂತೆ ನಯವಾಗಿ ಜಾರುತ್ತಿರುತ್ತದೆ, ನೊರೆ ಇರುವುದು ಅದರಾಚೆ. ಕಡಲ ಕಡೆಯಿಂದ ಬರುವವರಿಗೆ ಕಾಣುವುದು ಅಲೆಯ ಬೆನ್ನು ಮಾತ್ರ, ಹಾಗಾಗಿ ಅವರಿಗೂ ಅದು ಸೌಮ್ಯವಾಗಿಯೇ ಕಾಣುತ್ತದೆ. ಆದ್ದರಿಂದ ಉಬ್ಬರ ನಿಂತು ಇಳಿತ ಶುರುವಾಗುವ ಮುನ್ನಿನ ಆ ಅಲ್ಪ ಬಿಡುವಿನಲ್ಲೇ ಬಾಯಿಯ ಕೆಲಸ ಮುಗಿಸು. ಗಾಳಿ ನೇರವಾಗಿ ಬಾಯೊಳಗೆ ಬೀಸುವ ದಿನ ಹೋಗಬೇಡ. ಅಲ್ಲಿನ ಮೀನುಗಾರರನ್ನು ಕೇಳದೆ ಹೋಗಬೇಡ. ಮರಳಿನ ದಿಣ್ಣೆ ಕಳೆದ ಮಳೆಯಲ್ಲಿ ಎಲ್ಲಿಗೆ ಸರಿಯಿತೆಂಬುದನ್ನು ನಕಾಶೆಗಿಂತ ಮೊದಲು ತಿಳಿದವರು ಅವರು. ಲೈಫ್ ಜಾಕೆಟ್ ತೊಟ್ಟವರನ್ನು ನೋಡಿ ಯಾರಾದರೂ ನಕ್ಕರೆ ನಗಲಿ. ಇದೆಲ್ಲ ನಿನಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ, ನನಗೆ ಗೊತ್ತು. ಭೂಗೋಳ ಕಲಿಸಿ ಕಲಿಸಿ ಬಂದ ಅಭ್ಯಾಸ, ಮಾತು ಪಾಠವಾಗಿಬಿಡುತ್ತದೆ.

ನಾನು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದ ಅಂಚುಗಳ ಆಳವನ್ನು ನನ್ನ ಮಗಳೇ ಅಳೆದು ಬರೆಯಲಿದ್ದಾಳೆ, ಅದನ್ನು ನಂಬಿ ಯಾರದೋ ಹಡಗು ಒಳಗೆ ಬರಲಿದೆ ಎಂದರೆ ಎದೆ ತುಂಬುತ್ತದೆ. ಜಗಳದ ದಿನ ಇದನ್ನು ನಾನು ಹೇಳಲೇ ಇಲ್ಲ.

ಮೊದಲು ಅಳೆಯಲಿರುವ ಖಾರಿ ಯಾವುದೆಂದು ತಿಳಿದ ಕೂಡಲೇ ಅದರ ಹೆಸರು, ಬಾಯಿ ತೆರೆದಿರುವ ದಿಕ್ಕು, ಅಲ್ಲಿನ ಉಬ್ಬರ ಇಳಿತದ ವೇಳೆ ಇಷ್ಟನ್ನು ಬರೆದು ಕಳಿಸು. ನೀವು ದೋಣಿ ಇಳಿಸುವ ಹೊತ್ತನ್ನೂ ತಿಳಿಸಲೇಬೇಕೆಂದು ಒತ್ತಾಯಿಸುವುದಿಲ್ಲ, ತಿಳಿಸಿದರೆ ನನಗೆ ನಿದ್ದೆ ಬರುತ್ತದೆ.

ನಿನ್ನ ಅಮ್ಮ