ಪುಟಕ್ಕೆ ಬೀಗ, ಪಹಣಿ ಮಾತ್ರ ಬಯಲಲ್ಲಿ

ಮಾನ್ಯರೇ,

ನಮ್ಮ ಕಾಫಿ ಬೆಳೆಗಾರರ ಸಂಘದ ವೆಬ್‌ಸೈಟ್ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಸದಸ್ಯರ ಪುಟ 'ಪ್ರೈವೇಟ್' ಆಗಿತ್ತು. ಆದರೂ ಅದರೊಳಗಿನ ಪಹಣಿ, ಆಧಾರ್ ಪಿಡಿಎಫ್‌ಗಳು ಲಿಂಕ್ ಸಿಕ್ಕವರಿಗೆಲ್ಲ ತೆರೆದುಕೊಳ್ಳುತ್ತಿದ್ದವು! ಆ ಸೆಟ್ಟಿಂಗ್ ಮುಚ್ಚುವುದು ಪುಟವನ್ನಷ್ಟೇ. ಸೈಟಿಗೆ ಏರಿಸಿದ ಫೈಲುಗಳು ಕೂರುವ ಅಪ್‌ಲೋಡ್ಸ್ ಫೋಲ್ಡರಿನ ಫೈಲನ್ನು ಸರ್ವರ್ ಲಾಗಿನ್ ಕೇಳದೆ ಸೀದಾ ಕೊಟ್ಟುಬಿಡುತ್ತದೆ. ಅಡ್ಮಿನ್ (ಸೈಟಿನ ಪೂರ್ಣ ಅಧಿಕಾರ ಇರುವವರು) ಆಗಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಬ್ರೌಸರಿನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ, ಲಾಗಿನ್ ಆಗದೆ, ಫೈಲಿನ ವಿಳಾಸವನ್ನೇ ಹಾಕಿ ನೋಡಬೇಕು. ರೈತರು ನಂಬಿ ಕೊಟ್ಟ ಕಾಗದ ಅಲ್ವಾ? ಅವನ್ನೆಲ್ಲ ಸೈಟಿನಿಂದಲೇ ತೆಗೆಸಿದೆ.

ಸುಮ್ನೆ ನೋಟಿಸ್ ಹಾಕುವವರಿಗೂ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವುದೂ ನಿಲ್ಲಬೇಕು, ಬರಹ, ಪುಟಗಳನ್ನಷ್ಟೇ ನೋಡಿಕೊಳ್ಳುವ ಎಡಿಟರ್ ಅಧಿಕಾರ ಸಾಕು. ಜಿಲ್ಲೆಯ ಸಹಕಾರ ಸಂಘಗಳು, ಶಾಲೆಗಳು ತಮ್ಮ ಸೈಟನ್ನು ಈ ವಾರವೇ ಹೀಗೆ ಪರೀಕ್ಷಿಸಲಿ.

– ಒಬ್ಬ ಬೆಳೆಗಾರ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ